ಬಲಗಡೆಯ ಸೀಟು

ನನ್ನ ಜೇಬಿನಲ್ಲೊಂದು ಪ್ಲಾಸ್ಟಿಕ್ ಪಟ್ಟಿ,
ಎಟಿಎಂ ಕಾರ್ಡಿನಷ್ಟಗಲ, ನಡುವೆ ಚೌಕದ ಕಿಟಕಿ.
ಗೀರು ಕಿಟಕಿಯೊಳಗೆ ಹಿಡಿದರೆ ಸಹಜ ಸವೆತ,
ಕೂದಲೆಳೆಯಷ್ಟು ಹೊರಚಾಚಿದರೂ ಹಾನಿ,
ಹಾನಿಗೆ ದಿರ್ಹಮ್ ನೂರೈವತ್ತು.
ಪಟ್ಟಿಯನ್ನು ನೇರ ಹಿಡಿಯಬೇಕು, ಅದು ನಿಯಮ.
ಹನ್ನೊಂದು ವರ್ಷದಿಂದ ಅಜ್ಮಾನಿನ ಜರ್ಫಿನಲ್ಲಿ
ಜನ ಮರಳಿಸುವ ಬಾಡಿಗೆ ಗಾಡಿಗಳಿಗೆ
ಸುತ್ತು ಬರುವುದು ನನ್ನ ಕೆಲಸ.
ದೇವರಿಗಾದರೆ ಮೂರೇ ಸುತ್ತು ಸಾಕು.

ಕರಾರಿನ ಹದಿನಾಲ್ಕನೇ ಕಲಮನ್ನು ಯಾರೂ ಓದುವುದಿಲ್ಲ.
ನಾನೇ ಬಿಡಿಸಿ ಹೇಳುತ್ತೇನೆ:
ಬಳಸಿದ್ದು ಸವೆದರೆ ತಪ್ಪಲ್ಲ,
ಸವೆಯಬೇಕಾದ್ದಕ್ಕಿಂತ ಹೆಚ್ಚು ಸವೆದರೆ ನಿಮ್ಮ ತಲೆಗೆ.
ಎಷ್ಟು ಸವೆಯಬೇಕು, ಎಂದು ತಿರುಗಿ ಕೇಳಿದವರು
ಇಷ್ಟು ವರ್ಷದಲ್ಲಿ ಒಬ್ಬರೇ,
ಭಟ್ಕಳದ ಮೀರಾನ್ ದಾಮುದಿ,
ಲಾಂಡ್ರಿಯ ಬಿಳಿ ವ್ಯಾನು, ಆರು ವರ್ಷದ ಗುತ್ತಿಗೆ.
ಆಗ ನಾನು ನಕ್ಕು ಪೆನ್ನು ಕೊಟ್ಟಿದ್ದೆ, ಸಹಿಗೆ.

ಆಗಸ್ಟಿನ ಮಧ್ಯಾಹ್ನ ವ್ಯಾನು ತಂದು ನಿಲ್ಲಿಸಿದರು.
ಮೀಟರಿನಲ್ಲಿ ಮೂರು ಲಕ್ಷದ ಹನ್ನೆರಡು ಸಾವಿರ.
ಗೇರಿನ ಗುಂಡಿಯ ಮೇಲಿನ ಅಂಕಿಗಳೆಲ್ಲ ಅಳಿಸಿ
ಹಿಂದಕ್ಕೆ ಹೋಗುವ ಅಕ್ಷರ ಮಾತ್ರ ಉಳಿದಿತ್ತು.
ಸ್ಟೀರಿಂಗು ಎಡಗೈ ಇಡುವಲ್ಲಿ ಬೋಳು.
ದಿನಕ್ಕೆ ನೂರು ಸಲ ಇಳಿದು ಹತ್ತಿ
ಸೀಟಿನ ಹೊರ ಅಂಚು ಹರಿದು ಸ್ಪಂಜು ಕಾಣುತ್ತಿತ್ತು,
ಅಲ್ಲಿಗೆ ತಾವೇ ಹೊಲಿದ ತೇಪೆ,
ಯಾರದೋ ಕಂದೂರದ ತುಂಡು, ಗಂಜಿ ಹಾಕಿದ್ದು.

ಹಾಳೆಯಲ್ಲಿ ಗಾಡಿಯ ಚಿತ್ರವಿದೆ,
ಮೇಲಿನಿಂದ ಕಂಡ ಜಿರಳೆಯ ಹಾಗೆ.
ಮ್ಯಾನೇಜರ್ ಫಾದಿ ಅದರ ಬೆನ್ನ ಮೇಲೆ ಸುತ್ತು ಹಾಕಿದ:
ಸೀಟು ನಾನೂರು.
ಮೀರಾನ್ ಸಾಹೇಬರು ಮಾತಾಡಲಿಲ್ಲ.
ಕನ್ನಡಕ ಬಿಚ್ಚಿ ಅಂಗಿಯ ತುದಿಯಲ್ಲಿ ಒರೆಸಿಕೊಂಡರು.

ಆಮೇಲೆ ನಾನು ಬಲಗಡೆಯ ಬಾಗಿಲು ತೆಗೆದೆ.

ಶೋರೂಮಿನ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು,
ಹಳದಿಗಟ್ಟಿತ್ತು, ಹರಿದಿರಲಿಲ್ಲ.
ಬೆಲ್ಟು ಎಳೆದರೆ ಬರಲೊಲ್ಲದು, ಹೊಸ ಬಾವಿಯ ಹಗ್ಗದ ಬಿಗಿ.
ಕನ್ನಡಿಯ ಮೇಲಿನ ಹಾಳೆಯನ್ನೂ ಯಾರೂ ಸುಲಿದಿರಲಿಲ್ಲ.
ಇಲ್ಲಿ ಯಾರೂ ಕೂರಲಿಲ್ವಾ ಸಾಹೇಬ್ರೇ?
ಯಾರು ಕೂರ್ಬೇಕಿತ್ತು, ಅಂದರು,
ಸಿಟ್ಟಿನಿಂದಲ್ಲ,
ಬಿಲ್ಲಿನಲ್ಲಿ ಬಿಟ್ಟುಹೋದ ಒಂದು ಬಟ್ಟೆಯ ಬಗ್ಗೆ ಕೇಳುವ ಹಾಗೆ.

ಹಾಳೆಯನ್ನು ಮಗುಚಿ ನೋಡಿದೆ.
ಗೀರಿಗೆ ಕಾಲಂ ಇದೆ, ತಗ್ಗಿಗೆ, ಕಲೆಗೆ, ಸಿಗರೇಟಿನ ವಾಸನೆಗೆ,
ಸವೆಯದೆ ಉಳಿದದ್ದಕ್ಕೆ ಇಲ್ಲ.
ಆ ಸೀಟಿನದ್ದು ಈ ಸೀಟಿಗೆ ವಜಾ ಮಾಡೋಣ, ಎಂದೆ ಫಾದಿಗೆ.
ತಮಾಷೆ ಅಂದುಕೊಂಡು ನಕ್ಕ.
ನಕ್ಕ ತಪ್ಪಿಗೆ ಐವತ್ತು ಬಿಟ್ಟ.

ರೋಲಾದವರೆಗೆ ಬಿಡುತ್ತೇನೆ ಬನ್ನಿ, ಅಂದೆ, ಅದೇ ವ್ಯಾನಿನಲ್ಲಿ.
ಅಭ್ಯಾಸಕ್ಕೆ ಎಡಬಾಗಿಲಿಗೆ ಬಂದರು, ನಾನಾಗಲೇ ಕೂತಿದ್ದೆ.
ಸುತ್ತಿ ಬಂದು ಹತ್ತಿದರು. ಪ್ಲಾಸ್ಟಿಕ್ ಚರಚರ ಅಂದಿತು.
ಕೈ ಎಲ್ಲಿಡಬೇಕೆಂದು ತೋಚದೆ
ಮೊಣಕಾಲ ಮೇಲಿಟ್ಟುಕೊಂಡರು, ಫೋಟೋಗೆ ಕೂತವರ ಹಾಗೆ.
ಪ್ರತಿ ಸಿಗ್ನಲಿನಲ್ಲೂ ನನಗಿಂತ ಮೊದಲು
ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.
ಊರಲ್ಲಿ ಡ್ರೈವರು ಈ ಬದಿಗೇ ಅಲ್ವಾ, ಅಂದರು ತಮಗೇ,
ಮೀನಿನ ಟೆಂಪೋದಲ್ಲಿ ಕಲಿತವ ನಾನು,
ಹೀಗೇ ಬಲಕ್ಕೆ ಕೂತು.
ಆಮೇಲೆ ರೋಲಾ ಬರುವತನಕ ಸುಮ್ಮನಿದ್ದರು,
ಕಾಲು ಮಾತ್ರ ಸುಮ್ಮನಿರಲಿಲ್ಲ.

ಇಳಿಯುವಾಗ ಕೂತ ಜಾಗವನ್ನು ಅಂಗೈಯಿಂದ ಒರೆಸಿದರು.

ಯಾರ್ಡಿಗೆ ಮರಳಿ ನೋಡಿದೆ:
ಮ್ಯಾಟಿನ ಧೂಳಿನಲ್ಲಿ ಅರ್ಧಚಂದ್ರದಂತೆ ಹಿಮ್ಮಡಿಯ ಗುರುತು,
ಹೊದಿಕೆಯಲ್ಲಿ ಒಂದು ಹೊಸ ಸೀಳು.
ಪಟ್ಟಿ ತೆಗೆದು ಇಟ್ಟೆ. ಹಿಡಿಯಲಿಲ್ಲ.
ಚೂರು ಓರೆಗೆ, ಮೂಲೆಯಿಂದ ಮೂಲೆಗೆ ತಿರುಗಿಸಿದೆ.
ಹಿಡಿಯಿತು.