ಇಲ್ಲೇ ಕೂತು ಉಣ್ಣಬೇಕು

ಗೋಡೆಯ ಮೇಲೆ ಬರೆದಿದೆ:
ಬಸುರಿ ಬಾಣಂತಿಯರು ಇಲ್ಲೇ ಕೂತು ಉಣ್ಣಬೇಕು.
ಪೇಂಟರನ ಕೈ ಜಾರಿ ಕಡೇ ಅಕ್ಷರದ ಕೆಳಗೆ
ನೀಲಿ ಹನಿಯೊಂದು ಇಳಿದು ಒಣಗಿದೆ.
ನನ್ನ ಓದು ಅಷ್ಟಕ್ಕಷ್ಟೆ; ಆ ಹನಿಯ ಗುರುತಿನಿಂದ
ಇದು ರೂಲು, ಅದು ಅ ಆ ಇ ಈ ಅಂತ ತಿಳಿಯುತ್ತೇನೆ.

ಸಹಾಯಕಿ ಅನ್ನಬೇಕಂತೆ ಈಗ ನನ್ನನ್ನು.
ಮಕ್ಕಳು ಮಾತ್ರ ಆಯಾ ಅಂತಲೇ ಅಳುತ್ತವೆ.

ಹತ್ತಾಗುವಷ್ಟರಲ್ಲಿ ಮಂಡಕ್ಕಿ ಭಟ್ಟಿಗಳ ಹೊಟ್ಟಿನ ಹೊಗೆ
ಕಿಟಕಿಯಿಂದ ಒಳಬಂದು
ಹಾಜರಿ ಹಾಕಿಸದೆ ಮಕ್ಕಳ ನಡುವೆ ಕೂರುತ್ತದೆ.
ತಟ್ಟೆ ಎಷ್ಟು ತೊಳೆದರೂ ಬೆರಳಿಗೆ ಕಪ್ಪು.
ಬಾಷಾ ನಗರದ ಈ ಓಣಿಯಲ್ಲಿ ಒಣಹಾಕಿದ ಬಿಳಿ ಬಟ್ಟೆ
ಸಂಜೆಗೆ ಬಿಳಿ ಅನ್ನಿಸಿಕೊಳ್ಳುವುದಿಲ್ಲ.

ಹದಿನಾಲ್ಕು ಹೆಸರು, ಹದಿನಾಲ್ಕು ಮೊಟ್ಟೆ.
ನಿನ್ನೆ ಕುದಿಯುವಾಗ ಒಂದು ಒಡೆಯಿತು, ಬಿಳಿ ಹೊರಚೆಲ್ಲಿ ಮೋಡವಾಯಿತು.
ಒಡೆದದ್ದಕ್ಕೆ ಯಾವ ಕಾಲಂ, ಟೀಚರ್?
ದ್ರಾಕ್ಷಾಯಣಿ ಟೀಚರು ಪೆನ್ನು ಕಚ್ಚಿ ಯೋಚಿಸಿ
"ಒಡೀಬಾರದು ಕೊಟ್ರಮ್ಮ" ಅಂದರು.

ಜರೀನಾಗೆ ಏಳು ತಿಂಗಳು. ಭಟ್ಟಿಯಿಂದ ನೇರ ಬರುತ್ತಾಳೆ,
ಹುಬ್ಬಿನ ಮೇಲೆ ಹೊಟ್ಟಿನ ಪುಡಿ, ಬುರ್ಖಾದ ಅಂಚಿನಲ್ಲಿ ಮರಳು.
ಹಿಂದೆ ಅತ್ತೆ ಖಾತೂನ್‌ಬಿ, ಹೊಸ್ತಿಲ ತನಕ.
"ಒಬ್ಬಳನ್ನೇ ಕಳಿಸಿದರೆ ದೃಷ್ಟಿ ಆಗ್ತದೆ" ಅನ್ನುತ್ತಾಳೆ.
ದೃಷ್ಟಿಯ ಮಾತಲ್ಲ ಅದು, ನನಗೆ ಗೊತ್ತು.

ಸೊಸೈಟಿ ಅಂಗಡಿಯ ಯಂತ್ರಕ್ಕೆ ಅವಳ ಹೆಬ್ಬೆರಳು ತಿಳಿಯಲಿಲ್ಲ.
ಕಾರ್ಡಿನಲ್ಲಿ ಇರುವುದು ಅವಳೊಬ್ಬಳೇ;
ಸೊಸೆಯ ಹೆಸರು ಇನ್ನೂ ಹರಪನಹಳ್ಳಿಯ ತವರಲ್ಲಿ.
ನಿಂಬೆಹೋಳು ತಿಕ್ಕಿದಳು. ತಲೆಗೂದಲಿಗೆ ಒರೆಸಿದಳು.
ಅಂಗಡಿಯ ತಿಪ್ಪೇಶಿ ಕೆಟ್ಟವನೇನಲ್ಲ,
ಅವಳ ಬೆರಳನ್ನು ತನ್ನ ಅಂಗಿಗೇ ಒರೆಸಿ ಒತ್ತಿಸಿದ.
ಪೀಂ ಅಂದಿತು. ಮತ್ತೆ ಪೀಂ.
ನಲವತ್ತು ವರ್ಷ ಕಾದ ಮರಳಿಗೆ ಜರಡಿ ಹಿಡಿದ ಕೈ;
ಗೆರೆಯನ್ನೆಲ್ಲ ಭಟ್ಟಿಯೇ ಓದಿ ಅಳಿಸಿಬಿಟ್ಟಿದೆ.
"ಮುಂದಿನ ತಿಂಗಳು ನೋಡೋಣ ಬೂಬಮ್ಮ" ಅಂದನಂತೆ,
ಬೆರಳು ಅಷ್ಟರಲ್ಲಿ ಚಿಗುರುತ್ತದೆ ಎಂಬಂತೆ.

ಜರೀನಾ ಉಣ್ಣುವುದನ್ನು ನಾನು ನೋಡುವುದಿಲ್ಲ.
ನೋಡಿದರೆ ಕಾಣುತ್ತದೆ:
ಬಿಳಿಯದು ತಿಂದು, ಹಳದಿ ಉಂಡೆ ಮುಷ್ಟಿಯಲ್ಲಿಟ್ಟು
ಕೈತೊಳೆಯುವ ನೆಪದಲ್ಲಿ ಹೊರಗೆ ಹೋಗುತ್ತಾಳೆ.
ಹೊಸ್ತಿಲಾಚೆ ಉರ್ದುವಿನಲ್ಲಿ ಸಣ್ಣ ಜಗಳ.
ಬಾಯಿ ತುಂಬಿಕೊಂಡೇ ವಾಪಸು ಬರುತ್ತಾಳೆ, ಕಣ್ಣು ಕೆಂಪು,
ಗಲ್ಲದ ಮೇಲೆ ಅತ್ತೆಯ ಹೆಬ್ಬೆರಳು
ಹಳದಿಯಾಗಿ, ಚೊಕ್ಕವಾಗಿ ಮೂಡಿರುತ್ತದೆ.

ನಿನ್ನೆ ಟೀಚರನ್ನು ಕೇಳಿಯೇಬಿಟ್ಟೆ:
ಇಲ್ಲೇ ಅಂದರೆ ಎಲ್ಲಿಯ ತನಕ?
ಮೆಟ್ಟಿಲು ಇಲ್ಲೇನಾ? ಕಟ್ಟೆ?
ನಲ್ಲಿಯ ಹತ್ತಿರದ ಚಪ್ಪಡಿ?
ಅವರು ಎದ್ದು ಮಗುವೊಂದನ್ನು ತೂಕದ ಜೋಲಿಗೆ ಹಾಕಿದರು,
ಮುಳ್ಳು ನಿಲ್ಲುವ ತನಕ ಅದನ್ನೇ ನೋಡಿದರು.
ನಿನ್ನೆ ಯಾಕೋ ಆ ಮುಳ್ಳು ನಿಲ್ಲಲಿಕ್ಕೆ ಬಹಳ ಹೊತ್ತು ಹಿಡಿಯಿತು.

ಹದಿನಾಲ್ಕರಲ್ಲಿ ಒಂದು ಹೆಸರು ಬಂದಿರಲಿಲ್ಲ.
ಟಿಕ್ ಬಿದ್ದಿತ್ತು. ಹಾಕಿದ್ದು ನಾನಲ್ಲ.

ತಳದ ಅನ್ನ, ಸಾರು, ಒಡೆದ ಆ ಮೊಟ್ಟೆ.
ನನ್ನ ತಟ್ಟೆ ಅಂತ ಹೇಳಿಯೇ ಮೆಟ್ಟಿಲ ಮೇಲಿಟ್ಟೆ.
ಖಾತೂನ್‌ಬಿ ಮುಟ್ಟಲಿಲ್ಲ.
"ನಾನೇನು ಬಸುರಿಯಾ?"
"ಯಾರಿಗೆ ಗೊತ್ತು" ಅಂದೆ.
ಇದ್ದ ನಾಲ್ಕು ಹಲ್ಲೂ ಕಾಣುವಂತೆ ನಕ್ಕಳು,
ನಕ್ಕ ಬಾಯಿ ಮುಚ್ಚುವ ಮೊದಲೇ ಮೊದಲ ತುತ್ತು ಹೋಯಿತು.
ಬೇಗ ಉಣ್ಣಲಿಲ್ಲ. ಹಸಿದವರು ಬೇಗ ಉಣ್ಣುತ್ತಾರೆ ಅಂದವರು
ಹಸಿದವರನ್ನು ನೋಡಿರಲಿಕ್ಕಿಲ್ಲ.

ಇವತ್ತು ಬಂದವಳೇ ಸೆರಗಿನ ಗಂಟು ಬಿಚ್ಚಿ
ನನ್ನ ಮಡಿಲಿಗೆ ಒಂದು ಬೊಗಸೆ ಮಂಡಕ್ಕಿ ಸುರಿದಳು,
ಭಟ್ಟಿಯ ಬಿಸಿ ಇನ್ನೂ ಆರದ್ದು.
ಬೇಡ ಅನ್ನಲು ಬಾಯಿ ತೆರೆದೆ, ಅವಳು ನೋಡಿದ ನೋಟಕ್ಕೆ ಮುಚ್ಚಿದೆ.
ಮಕ್ಕಳು ಮುತ್ತಿದವು. ಟೀಚರು ರಿಜಿಸ್ಟರು ಮುಚ್ಚಿಟ್ಟು
ಅಂಗೈ ಚಾಚಿದರು.
ಉಳಿದ ನಾಲ್ಕು ಕಾಳು ನಾನೂ ಬಾಯಿಗೆ ಹಾಕಿಕೊಂಡೆ.
ಹಲ್ಲಿಗೆ ಒಂದು ಮರಳು ಸಿಕ್ಕಿತು.