ಒಣಗಲು ಬಿಟ್ಟ ಕಲ್ಲು

ಕುಂಸಿ ದಾಟುವಾಗಲೇ ಇನಾಸಣ್ಣ ಹೇಳಿದ್ದ:
ಕಲ್ಲು ಎಣಿಸುತ್ತ ಹೋಗುವವನಿಗೆ
ಊರು ಬೇಗ ಬರುವುದಿಲ್ಲ ಮಾರಾಯ,
ಗೇರ್ ಇಳಿಸು.

ನನ್ನದು ಭದ್ರಾವತಿಯ ಬಾಡಿಗೆ ಏಸ್ ಗಾಡಿ.
ಕಬ್ಬಿಣ, ಸಿಮೆಂಟು, ಒಮ್ಮೆ ಒಂದು ಹೆಣ,
ಎಲ್ಲ ಹೊತ್ತಿದೆ. ಬಣ್ಣ ಇದೇ ಮೊದಲು.
ಹಿಂದೆ ಇಪ್ಪತ್ತು ಡಬ್ಬಿ, ಒಂದು ಕ್ಯಾನು ಟರ್ಪೆಂಟೈನು,
ತಗಡಿನಲ್ಲಿ ಕೊರೆದ ಅಂಕಿಗಳ ಕಂತೆ;
ಗುಂಡಿ ಬಂದಾಗೆಲ್ಲ
ಆರು ಹೋಗಿ ಒಂಬತ್ತರ ಮೇಲೆ ಬಿದ್ದು
ಝಣ್ ಎನ್ನುತ್ತದೆ.

ಹೆದ್ದಾರಿಯ ಕಲ್ಲಿಗೆ ಹಳದಿ ತಲೆ,
ರಾಜ್ಯದ್ದಕ್ಕೆ ಹಸಿರು,
ಹಳ್ಳಿ ದಾರಿಯದಕ್ಕೆ ಕಿತ್ತಳೆ.
ಪೇಟ ಸುತ್ತದ ಕಲ್ಲಿಲ್ಲ ನೋಡು, ಎಲ್ಲ ಮದುಮಕ್ಕಳೇ,
ಎಂದು ನಕ್ಕ. ಮೂವತ್ತು ವರ್ಷ ಹಳೆಯ ನಗೆ;
ಎಷ್ಟು ಮಂದಿ ಡ್ರೈವರುಗಳಿಗೆ ಹೇಳಿದ್ದಾನೋ.

ತಾಳಗುಪ್ಪದವರೆಗೆ ಹೋಟೆಲಿತ್ತು, ಪಂಕ್ಚರ್ ಅಂಗಡಿಯಿತ್ತು.
ಕಾರ್ಗಲ್ ಕಳೆದ ಮೇಲೆ ಮೊಬೈಲು ಸತ್ತಿತು,
ಆಮೇಲೆ ರೇಡಿಯೊ,
ಆಮೇಲೆ ನಮ್ಮ ಮಾತು.
ಕಾಡು ಎಂದರೆ ಮರ ಅಂದುಕೊಂಡಿದ್ದೆ.
ಅಲ್ಲ, ತಿರುವು. ತಿರುವಿನ ಹಿಂದೆ ಮತ್ತೊಂದು
ಬಾಗಿಲಿನ ಹಾಗೆ ತೆರೆದುಕೊಂಡು
ಒಳಗೆ ಯಾರೂ ಇಲ್ಲ.
ಮಂಗಟ್ಟೆಯೊಂದು ತಲೆಯ ಮೇಲೆ ಹಾದಾಗ
ಹಳೆಯ ರೈಲು ಏದುಸಿರು ಬಿಟ್ಟ ಸದ್ದು.

ಪ್ರತಿ ಕಲ್ಲಿನೆದುರೂ ಕುಕ್ಕರಗಾಲಲ್ಲಿ ಕೂತು
ತಂತಿ ಬ್ರಷ್ಷಿನಿಂದ ಪಾಚಿ ಕೆರೆಯುತ್ತಾನೆ,
ಕೊಂಕಣಿಯಲ್ಲಿ ಎಂತದೋ ಬೈಯುತ್ತಾನೆ,
ಮಕ್ಕಳ ಮುಖ ತೊಳೆಸುವವರು ಬೈದ ಹಾಗೆ.
ಕಾಟಿಗೆ ಹೆದರಿ ನಾನು ಇಂಜಿನ್ ಆರಿಸುವುದಿಲ್ಲ.
ಆರಿಸು, ಎನ್ನುತ್ತಾನೆ,
ಅದು ಬಂದರೆ ನಿನ್ನ ಗಾಡಿ ಓಡೀತೇ?

ಮೂರನೆಯ ದಿನ, ಇಳಿಹೊತ್ತು,
ನಲವತ್ತಮೂರನೆಯ ಕಲ್ಲಿಗೆ
ಆಫೀಸಿನ ಪಟ್ಟಿ ಮುಗಿಯಿತು.
ಇನಾಸಣ್ಣ ಎಡಕ್ಕೆ ಕೈ ತೋರಿದ.
ಅಲ್ಲಿ ದಾರಿಯಿತ್ತೆಂದು ದಾರಿಗೇ ನೆನಪಿರಲಿಲ್ಲ.
ಎರಡು ಗೆರೆ ಟಾರು, ನಡುವೆ
ಮೊಣಕಾಲೆತ್ತರ ಕಮ್ಯುನಿಸ್ಟ್ ಗಿಡ.

ಒಂದು ಕಡೆ ಮರಗಳು ನಿಂತುಬಿಟ್ಟವು. ರಸ್ತೆ ನಿಲ್ಲಲಿಲ್ಲ.
ಕೆಮ್ಮಣ್ಣಿನ ದಂಡೆ ಇಳಿದು
ಹಿನ್ನೀರಿನೊಳಗೆ ಹೋಯಿತು
ಮೀಯಲು ಹೊರಟ ಎಮ್ಮೆಯಂತೆ, ಅವಸರವಿಲ್ಲದೆ.
ಹತ್ತು ಮಾರು ದೂರದಲ್ಲಿ
ಒಂದು ಕಲ್ಲು ನೀರಿನಿಂದ ತಲೆಯೆತ್ತಿತ್ತು.

ಪಡುಬೈಲು ೩.
ಬೆರಳಲ್ಲಿ ತಡವಿ ಓದಿದ.
ನಿಮ್ಮೂರಾ?
ಅಲ್ಲ. ಆ ಊರು ನಾನು ಕಂಡಿಲ್ಲ.
ನನಗೆ ಕೆಲಸ ಕಲಿಸಿದ ಮೇಸ್ತ್ರಿ ಕಡೆದ ಅಂಕಿ ಇದು.
ಮೂರರ ಸುಳಿ ನೋಡು,
ತಗಡು ಇಟ್ಟು ತೆಗೆದದ್ದಲ್ಲ. ಕೈ.

ಒದ್ದೆ ಕಲ್ಲಿಗೆ ಬಣ್ಣ ಹಿಡಿಯುವುದಿಲ್ಲ.
ಲುಂಗಿಯ ತುದಿಯಿಂದ ಒರೆಸಿದ, ಕಾದ,
ಗಾಳಿ ಎಬ್ಬಿಸಿದ ತೆರೆ ಬಂದು ಮತ್ತೆ ತೋಯಿಸಿತು.
ಕತ್ತಲಾಯಿತು. ಗಾಡಿಯಲ್ಲೇ ಉರುಳಿಕೊಂಡೆವು.
ಬನ್ನು, ಬಾಳೆಹಣ್ಣು, ಅವನದೊಂದು ಕ್ವಾರ್ಟರು.
ಆಚೆ ದಡದಲ್ಲಿ ಏನೋ ರಾತ್ರಿಯಿಡೀ ಕೂಗಿತು;
ಅದು ಯಾವುದು ಎಂದರೆ
ಮಲಗು, ಎಂದ.

ಬೆಳಿಗ್ಗೆ ಗಾಳಿಯಿರಲಿಲ್ಲ. ಕಲ್ಲು ಬೂದಿಬಣ್ಣಕ್ಕೆ ತಿರುಗಿತ್ತು.
ತೊಡೆಮಟ್ಟ ನೀರಲ್ಲಿ ನಿಂತು ನಾನು ಡಬ್ಬಿ ಹಿಡಿದೆ.
ಬಿಳಿಯ ಮೈ. ಕಿತ್ತಳೆಯ ತಲೆ.
ತಗಡು ಕೊಡಹೋದರೆ ಬೇಡವೆಂದ.
ಕೈ ನಡುಗಿ ಮೂರು ಎರಡರಂತೆ ಬಂತು,
ಹೆಬ್ಬೆರಳಲ್ಲಿ ಅಳಿಸಿ
ಉಸಿರು ಹಿಡಿದು ಮತ್ತೆ ಬರೆದ.

ಬಿಲ್ಲಿನಲ್ಲಿ ನಲವತ್ತಮೂರೇ ಇದೆಯಲ್ಲ, ಎಂದೆ.
ಹೌದು.
ಮಳೆ ಹಿಡಿದರೆ ಇದು ಮುಳುಗುತ್ತದಲ್ಲ.
ಹೌದು. ಅಷ್ಟರಲ್ಲಿ ಒಣಗಿರುತ್ತದೆ.

ಆನಂದಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ
ನನ್ನ ಕೈಯ ಕಿತ್ತಳೆ ನೋಡಿ ಹೋಟೆಲಿನ ಹುಡುಗ
ಎಲ್ಲಿಂದ ಬಂದಿರಿ ಎಂದ.
ಪಡುಬೈಲಿಂದ ಈಚೆ, ಎಂದುಬಿಟ್ಟೆ,
ಮೂರೇ ಕಿಲೋಮೀಟರು.
ಇನಾಸಣ್ಣ ಗ್ಲಾಸಿನಿಂದ ತಲೆಯೆತ್ತಲಿಲ್ಲ.