ಷರಾ

ಸೊಹಾರಿನ ಆಚೆ, ದಂಡಿನ ತರಬೇತಿ ಕೊಠಡಿಯಲ್ಲಿ
ಇಪ್ಪತ್ತು ಕಂಪ್ಯೂಟರು, ಹತ್ತೊಂಬತ್ತು ಕುರ್ಚಿ.
ಬೆಳಿಗ್ಗೆ ಮೊದಲ ಕೆಲಸ
ಕೀಲಿಮಣೆಯ ಸಂದಿಯಿಂದ ಮರಳು ಊದುವುದು.
ಮರಳಲ್ಲಿ ಬೆರಳಿಟ್ಟು ತಿದ್ದಿ ಅಕ್ಷರ ಕಲಿತವನು ನಾನು,
ಈಗ ಸಂಬಳ ತಗೊಂಡು ಅದನ್ನೇ ಒರೆಸುತ್ತೇನೆ.

ನನ್ನ ಹುದ್ದೆ ಮೌಲ್ಯಮಾಪಕ, ಆರು ತಿಂಗಳ ಕರಾರು.
ಕಲಿಸುವುದು ಯಂತ್ರ, ಕಲಿಯುವುದು ಸಿಪಾಯಿ,
ಕಲಿತನೋ ಇಲ್ಲವೋ ಹೇಳಬೇಕಾದ್ದು ನಾನು.
ಗಂಟೆಗೆ ಎಷ್ಟು ರಿಯಾಲು, ಎಷ್ಟು ಅಂಕ.

ಶಂಬೆ ದಾದ್‌ಕರೀಮ್, ಬಲೂಚಿ, ವಯಸ್ಸು ನಲವತ್ತನಾಲ್ಕು,
ಪಹರೆ ದಳ, ಸೇವೆ ಇಪ್ಪತ್ತೆರಡು ವರ್ಷ,
ಸಂಬಳದ ಪಟ್ಟಿಯ ಮೇಲೆಲ್ಲ ನೇರಳೆ ಹೆಬ್ಬೆಟ್ಟು.
ಮೊದಲ ಪರೀಕ್ಷೆ: ನೂರಕ್ಕೆ ಹನ್ನೊಂದು.
ಎಂಟನೇ ವಾರ: ತೊಂಬತ್ತಾರು.
ಮೇಲಿನವರು ಫೋನ್ ಮಾಡಿ ಮಬ್ರೂಕ್ ಅಂದರು.

ನನಗೇಕೋ ಅನುಮಾನ. ಪ್ರಶ್ನೆಗಳ ಸರದಿ ಕಲಸಿ ಕೊಟ್ಟೆ.
ಹದಿನಾಲ್ಕು.

ಅವನು ನಕ್ಕ. ನನ್ನ ಮುರುಕು ಹಿಂದಿಗೆ ಅವನ ಮುರುಕು ಉರ್ದು:
"ಸಾಬ್, ಮೊದಲನೆಯದಕ್ಕೆ ಬಲಗಡೆ ಒತ್ತಿದರೆ ಹಸಿರು,
ಎರಡನೆಯದಕ್ಕೆ ಕೆಳಗೆ, ಆಮೇಲೆ ಎರಡು ಸಲ ಎಡ.
ಕತ್ತಲಲ್ಲಿ ಒಣಹಳ್ಳ ದಾಟುವುದೂ ಹೀಗೇ.
ನೀವು ರಾತ್ರೋರಾತ್ರಿ ಗುಡ್ಡ ಸರಿಸಿಬಿಟ್ಟಿರಿ."

ತೊಂಬತ್ತಾರು ತಿರುವು ತಲೆಯಲ್ಲಿಟ್ಟುಕೊಂಡವನಿಗೆ
ಕೊಡಲು ನನ್ನ ನಮೂನೆಯಲ್ಲಿ ಅಂಕವಿಲ್ಲ.
ಕಲಿತಿಲ್ಲ ಅಂತ ಬರೆದೆ. ಸುಳ್ಳಲ್ಲ.
ಆ ರಾತ್ರಿ ಊಟ ಸೇರಲಿಲ್ಲ.

ಮತ್ತೆ ಅಲಿಫ್‌ನಿಂದ. ಈ ಸಲ ದಿನಾ ಸರದಿ ಬದಲು.
ಬೈದ, ಹೆಡ್‌ಫೋನ್ ಕಿತ್ತೆಸೆದ, ಒಂದು ವಾರ ಹಲ್ಲುನೋವೆಂದ.
ಶೀನಿನ ಮೂರು ಚುಕ್ಕಿ ಮಾತ್ರ ಬಿಡಲಿಲ್ಲ,
ತನ್ನ ಹೆಸರಿನದಲ್ಲವೇ.

ಹದಿನೇಳನೇ ವಾರ, ಮೆಸ್ಸಿನ ಬಾಗಿಲ ಬಳಿ
ಪಾಳಿಪಟ್ಟಿಯ ಮುಂದೆ ನಿಂತಿದ್ದ. ಕೈಯ ಚಹಾ ಆರಿತ್ತು.
ಬೆರಳು ಒಂದೊಂದೇ ಸಾಲು ಇಳಿಯಿತು:
ಗುರುವಾರ ರಾತ್ರಿ, ಉತ್ತರ ಗೋಪುರ, ಶಂಬೆ.
ಮುಂದಿನ ಗುರುವಾರ, ಶಂಬೆ.
ಅದರ ಮುಂದಿನದೂ.
"ಎಲ್ಲರಿಗೂ ಸರದಿ ಪ್ರಕಾರ ಅಂತಿದ್ದರು, ಬಂದ ಗುಮಾಸ್ತರೆಲ್ಲ,"
ಅಂದ, ನನ್ನ ಕಡೆ ನೋಡದೆ. "ಇಪ್ಪತ್ತೆರಡು ವರ್ಷ."

ಆ ಗುರುವಾರವೂ ಗೋಪುರ ಹತ್ತಿದ,
ಪಟ್ಟಿಯ ನಕಲು ಕಿಸೆಯಲ್ಲಿ ಮಡಚಿಟ್ಟುಕೊಂಡು.
ಕೆಳಗೆ ನಿಂತರೆ ಕೇಳುತ್ತಿತ್ತು:
ಟಾರ್ಚು ಹಿಡಿದು, ತಡವರಿಸಿ, ಗಟ್ಟಿಯಾಗಿ
ಮಲಗಿದವರ ಹೆಸರು ಓದುತ್ತಿದ್ದ,
ಖಲ್ಫಾನ್. ಹಿಲಾಲ್. ಮತ್ತೆ ಖಲ್ಫಾನ್.

ಅಂತಿಮ ಪರೀಕ್ಷೆ: ಐವತ್ತೆರಡು.
ನಿಗದಿತ ಗುರಿಗಿಂತ ಎಂಟು ಕಡಿಮೆ.
ಷರಾ ಕಾಲಮ್ಮಿನಲ್ಲಿ ಜಾಗ ಒಂದೂವರೆ ಸಾಲು.
ಪಾಳಿಪಟ್ಟಿ ಈಗ ಯಾರು ಬರೆಯುತ್ತಾರೋ
ಅವರನ್ನೂ ಪರೀಕ್ಷೆಗೆ ಕೂರಿಸಿ, ಅಂತ ಬರೆದೆ.
ಹಿಡಿಸಲಿಲ್ಲ. ಕಾಗದ ತಿರುಗಿಸಿ ಅಂಚಿನಲ್ಲಿ ಮುಗಿಸಿದೆ.